ವಿಧೇಯನೋ? ವಿಶ್ವಾಸಿಯೋ? – ಕಾರ್ಮಿಕ ಸಂತ ಜೋಸೆಫರ ಹಬ್ಬಕ್ಕೊಂದು ಚಿಂತನೆ



ಮೇ 1 ಜಗತ್ತಿಗೆಲ್ಲ ಕಾರ್ಮಿಕರ ದಿನ. ಕಥೋಲಿಕರಾದ ನಮಗೆ ಅದು ಕಾರ್ಮಿಕ ಸಂತ ಜೋಸೆಫರ ಹಬ್ಬವೂ ಹೌದು. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಈ ಹಬ್ಬವನ್ನು ಸ್ಥಾಪಿಸಿದರು. ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲ, ಮಾರಿಕುಪ್ಪಂಗಳಲ್ಲಿ ಬೆಳೆದವರಿಗೆ ಈ ಹಬ್ಬದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಲೈನು ಮನೆಗಳಲ್ಲಿ ‘ಸೂಸೈಯಪ್ಪರ್’ ಎಂದು ಕರೆಸಿಕೊಳ್ಳುವ ಈ ಬಡಗಿ ಸಂತರು ದುಡಿಯುವವರ ಮನೆಯ ಹಿರಿಯರೇ ಆಗಿಬಿಟ್ಟಿದ್ದಾರೆ.

ಒಂದು ವರ್ಷ ಈ ಹಬ್ಬದ ಬಲಿಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಕಾಣಲು ಬಂದರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟ ಹಳದಿ ಬಣ್ಣಕ್ಕೆ ತಿರುಗಿದ ಕಾಗದವಿತ್ತು. ಅದು ಅವರ ತಂದೆಗೆ ಬಿಳಿಯ ಅಧಿಕಾರಿಯೊಬ್ಬ ಬರೆದುಕೊಟ್ಟ ಸೇವಾ ಪತ್ರ. ಇವರು ‘ಲಾಯಲ್’ ಆಗಿಯೂ ‘ಫೇಯ್ತ್‌ಫುಲ್’ ಆಗಿಯೂ ದುಡಿದರು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಹಿರಿಯರು ಕೇಳಿದರು: “ಸಾಮಿ, ಲಾಯಲ್ ಅಂದ್ರೂ ನಿಯತ್ತು, ಫೇಯ್ತ್‌ಫುಲ್ ಅಂದ್ರೂ ನಿಯತ್ತೇ ತಾನೇ? ಒಂದೇ ಮಾತನ್ನ ದೊರೆ ಎರಡು ಸಲ ಯಾಕೆ ಬರೆದ?”

ಅಂದು ಅವಸರದಲ್ಲಿ ಏನೋ ಒಂದು ಉತ್ತರ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಎರಡು ಪದಗಳ ನಡುವಿನ ಅಂತರದಲ್ಲಿ ನಮ್ಮ ಊರಿನ ಚರಿತ್ರೆಯ ಒಂದು ಭಾಗ ಅಡಗಿದೆ, ನಮ್ಮ ವಿಶ್ವಾಸದ ಒಂದು ಮುಖ್ಯ ಪಾಠವೂ ಅಡಗಿದೆ. ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಒಂದು ಭಾಷೆ, ಹಲವು ಪದ

ಇಂಗ್ಲಿಷಿನಲ್ಲಿ ನಿಷ್ಠೆಗೆ ಇಷ್ಟೊಂದು ಪದಗಳು ಏಕೆ? ಇದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮುಂದೆ ಅರಮನೆ ಹಾಗೂ ನ್ಯಾಯಾಲಯಗಳಲ್ಲಿ ಫ್ರೆಂಚ್ ಭಾಷೆ, ಹೊಲಮನೆಗಳಲ್ಲಿ ಹಳೆಯ ಇಂಗ್ಲಿಷ್ ನಡೆಯಿತು. ಆಳುವವರ ಮಾತೂ ದುಡಿಯುವವರ ಮಾತೂ ಕಾಲಾನಂತರದಲ್ಲಿ ಬೆರೆತುಹೋದವು. ಆದರೂ ಪ್ರತಿಯೊಂದು ಪದವೂ ತನ್ನ ತವರಿನ ವಾಸನೆಯನ್ನು ಉಳಿಸಿಕೊಂಡಿತು.

‘ಲಾಯಲ್’ ಎಂಬುದು ಫ್ರೆಂಚಿನಿಂದ ಬಂದದ್ದು. ಅದರ ಬೇರು ಕಾನೂನು ಎಂಬ ಅರ್ಥದ ಲತೀನ್ ಪದದಲ್ಲಿದೆ. ‘ಲೀಗಲ್’ ಮತ್ತು ‘ಲಾಯಲ್’ ಒಂದೇ ತಾಯಿಯ ಮಕ್ಕಳು. ಆದ್ದರಿಂದ ಬೇರಿನ ಅರ್ಥದಲ್ಲಿ ಲಾಯಲ್ ಎಂದರೆ ಕಟ್ಟಳೆಗೆ ತಕ್ಕಂತೆ ನಡೆಯುವವನು. ‘ಅಲೀಜಿಯನ್ಸ್’ ಎಂಬ ಇನ್ನೊಂದು ಪದವಿದೆ. ಅದು ಒಡೆಯನಿಗೆ ಅವನ ಅಧೀನದವನು ಸಲ್ಲಿಸಬೇಕಾದ ಬದ್ಧತೆ. ಇಂದಿಗೂ ರಾಜ್ಯಕ್ಕೆ, ಧ್ವಜಕ್ಕೆ ಪ್ರಮಾಣ ಮಾಡುವಾಗ ಆ ಪದ ಬರುತ್ತದೆ.

‘ಫೇಯ್ತ್‌ಫುಲ್’ ಎಂಬುದರ ಬೇರು ಬೇರೆ. ಲತೀನಿನ ‘ಫಿದೆಸ್’ ಎಂದರೆ ನಂಬಿಕೆ, ಕೊಟ್ಟ ಮಾತು. ಅದರಿಂದಲೇ ‘ಫೇಯ್ತ್’ ಬಂತು, ‘ಫಿಡೆಲಿಟಿ’ ಬಂತು. ಇಲ್ಲಿ ಕಾನೂನಿನ ಪುಸ್ತಕವಿಲ್ಲ. ನಂಬುವವನೊಬ್ಬ, ನಂಬಿಕೆ ಉಳಿಸಿಕೊಳ್ಳುವವನೊಬ್ಬ ಇದ್ದಾರೆ. ಇನ್ನು ‘ಟ್ರೂ’ ಎಂಬ ಚಿಕ್ಕ ಪದ ರೈತರ ಹಳೆಯ ಇಂಗ್ಲಿಷಿನದು. ಅದಕ್ಕೂ ಮರ ಎಂಬ ಅರ್ಥದ ‘ಟ್ರೀ’ ಪದಕ್ಕೂ ನಂಟಿದೆ ಎಂದು ಭಾಷಾತಜ್ಞರು ಹೇಳುತ್ತಾರೆ. ಮರದಂತೆ ಗಟ್ಟಿಯಾದವನು ‘ಟ್ರೂ’. ಅದೇ ಕುಟುಂಬದ ‘ಟ್ರೋತ್’ ಎಂಬ ಪದ ಇಂಗ್ಲಿಷಿನ ಹಳೆಯ ವಿವಾಹ ಪ್ರತಿಜ್ಞೆಯಲ್ಲಿ ಉಳಿದುಕೊಂಡಿದೆ. ‘ಸ್ಟಾಂಚ್’ ಎಂಬ ಪದ ಮೊದಲು ನೀರು ಸೋರದ ಹಡಗಿನಂಥ ವಸ್ತುಗಳಿಗೆ ಸಲ್ಲುತ್ತಿತ್ತು, ಆಮೇಲೆ ಕಷ್ಟದಲ್ಲೂ ಕೈಬಿಡದ ಮನುಷ್ಯನಿಗೆ ಸಂದಿತು. ‘ಡಿವೋಟೆಡ್’ ಎಂದರೆ ಹರಕೆ ಹೊತ್ತು ತನ್ನನ್ನು ಒಪ್ಪಿಸಿಕೊಂಡವನು.

ಈ ಪದಗಳ ನಡುವಿನ ಭೇದ ಪಂಡಿತರ ಹರಟೆಯಲ್ಲ. ಒಬ್ಬ ಸಂತನ ತಲೆ ಉರುಳಿದ್ದು ಇದೇ ಭೇದಕ್ಕಾಗಿ. ಇಂಗ್ಲೆಂಡಿನ ಸಂತ ಥಾಮಸ್ ಮೋರ್ ದೊರೆ ಎಂಟನೇ ಹೆನ್ರಿಯ ಮಹಾಮಂತ್ರಿಯಾಗಿದ್ದರು. ದೊರೆಯ ಮೇಲೆ ಅವರಿಗೆ ಗೌರವವಿತ್ತು, ಕಾನೂನಿಗೆ ಅವರು ತಲೆಬಾಗಿದ್ದರು. ಆದರೆ ದೊರೆಯ ಎರಡನೇ ಮದುವೆಯನ್ನು ಎತ್ತಿಹಿಡಿದು ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕುವ ಪ್ರಮಾಣವಚನವನ್ನು 1534ರಲ್ಲಿ ಮುಂದಿಟ್ಟಾಗ ಅವರು ಒಪ್ಪಲಿಲ್ಲ. ಕಾನೂನು ಕೇಳಿದ ನಿಷ್ಠೆ ಒಂದು ಕಡೆ, ದೇವರಿಗೆ ಕೊಟ್ಟ ಮಾತು ಇನ್ನೊಂದು ಕಡೆ. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು. 1935ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು.

ನಮ್ಮ ನೆಲದ ಮಾತು

ಹಾಗಾದರೆ ನಮ್ಮ ಭಾಷೆಯಲ್ಲಿ ಈ ಭೇದ ಇಲ್ಲವೇ? ಧಾರಾಳವಾಗಿ ಇದೆ. ಶಾಲೆಯಲ್ಲಿ ರಜೆಯ ಅರ್ಜಿ ಬರೆಯುವಾಗ ಕೊನೆಗೆ ಏನು ಬರೆಯುತ್ತಿದ್ದೆವು? ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’. ಗೆಳೆಯನಿಗೆ ಕಾಗದ ಬರೆದರೆ? ‘ಇಂತಿ ನಿನ್ನ ವಿಶ್ವಾಸಿ’. ಮುಖ್ಯೋಪಾಧ್ಯಾಯರಿಗೆ ವಿಧೇಯತೆ, ಗೆಳೆಯನಿಗೆ ವಿಶ್ವಾಸ. ಯಾರೂ ಹೇಳಿಕೊಡದಿದ್ದರೂ ಮಕ್ಕಳಾಗಿದ್ದಾಗಲೇ ನಮಗೆ ವ್ಯತ್ಯಾಸ ತಿಳಿದಿತ್ತು. ಹಿರಿಯರು ಹೇಳಿದ ‘ನಿಯತ್ತು’ ಅರಬ್ಬಿಯಿಂದ ಬಂದ ಪದ. ಮೂಲದಲ್ಲಿ ಅದಕ್ಕೆ ಮನಸ್ಸಿನೊಳಗಿನ ಸಂಕಲ್ಪ ಎಂದರ್ಥ. ಹೊರಗಿನ ನಡತೆಗಿಂತ ಒಳಗಿನ ಉದ್ದೇಶ ಅಲ್ಲಿ ಮುಖ್ಯ. ನಮ್ಮ ಲೈನುಗಳ ತಮಿಳಿನಲ್ಲಿ ‘ವಿಸುವಾಸಂ’ ಎಂದರೆ ದೇವರ ಮೇಲಿನ ನಂಬಿಕೆಯೂ ಹೌದು, ಅನ್ನವಿಟ್ಟವನನ್ನು ನಾಯಿ ಮರೆಯದಿರುವ ಗುಣವೂ ಹೌದು.

ನಾಯಿ ಎಂದಾಗ ಆತಕೂರಿನ ಶಾಸನ ನೆನಪಾಗುತ್ತದೆ. ಸುಮಾರು ಕ್ರಿ.ಶ. 949–50ರ ಈ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಎಂಬ ವೀರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದ. ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ತಕ್ಕೋಲ ಇರುವುದು ಹಳೆಯ ಉತ್ತರ ಆರ್ಕಾಟ್ ಸೀಮೆಯಲ್ಲಿ. ಸಾವಿರ ವರ್ಷದ ಮೇಲೆ ನಮ್ಮ ಗಣಿಗಳಿಗೆ ಕೂಲಿಕಾರರು ಬಂದದ್ದು ಬಹುಪಾಲು ಅದೇ ಸೀಮೆಯಿಂದ!

ಹಳಗನ್ನಡದಲ್ಲಿ ನಿಷ್ಠೆಗೆ ಎರಡು ವಿಶೇಷ ಪದಗಳಿವೆ. ಒಂದು ‘ಜೋಳವಾಳಿ’. ಒಡೆಯನ ಜೋಳವನ್ನು ಉಂಡದ್ದಕ್ಕೆ ತೀರಿಸಬೇಕಾದ ಋಣ. ಇಂದು ನಾವು ‘ಉಪ್ಪಿನ ಋಣ’ ಎನ್ನುವುದು ಇದನ್ನೇ. ಇನ್ನೊಂದು ‘ವೇಳೆವಾಳಿ’. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಎಂಬ ಪ್ರತಿಜ್ಞೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ, ಸಂಗಡಿಗರೊಡನೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಶಾಸನ ಇಂದಿಗೂ ಹೇಳುತ್ತದೆ. ಜೀವ ದೇವರ ಕೊಡುಗೆಯಾದ್ದರಿಂದ ಅದನ್ನು ತಾನಾಗಿ ಕಳೆದುಕೊಳ್ಳುವುದನ್ನು ನಮ್ಮ ಧರ್ಮಸಭೆ ಒಪ್ಪುವುದಿಲ್ಲ. ಆದರೂ ಕೊಟ್ಟ ಮಾತಿನ ಭಾರ ಎಷ್ಟೆಂದು ಆ ಜನರಿಗೆ ಗೊತ್ತಿತ್ತು.

ಒಂದು ವಿಷಯ ಗಮನಿಸಿರಿ. ಜೋಳವಾಳಿಯಲ್ಲಿ ಆಗಲಿ ವೇಳೆವಾಳಿಯಲ್ಲಿ ಆಗಲಿ ನಿಷ್ಠೆ ಹರಿಯುವುದು ಕೆಳಗಿನಿಂದ ಮೇಲಕ್ಕೆ. ಆಳು ಒಡೆಯನಿಗೆ ಋಣಿ. ಒಡೆಯ ಆಳಿಗೆ ಏನು ಋಣಿ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಗಣಿಗಳ ಚರಿತ್ರೆಗೆ ಬರೋಣ.

ಚಿನ್ನದ ನೆಲದಲ್ಲಿ ನಂಬಿಕೆ

ಐರ್ಲೆಂಡಿನ ಮಾಜಿ ಸೈನಿಕ ಮೈಕೆಲ್ ಲೆವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಗಣಿಗಾರಿಕೆಯ ಗುತ್ತಿಗೆ ಪಡೆದ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಗಣಿಗಳು ಲಾಭದ ಹಾದಿ ಹಿಡಿದವು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ನಮ್ಮ ಪೇಟೆ ಬೆಳೆಯಿತು. ತಮಿಳು ಹಾಗೂ ತೆಲುಗು ಸೀಮೆಗಳಿಂದ ಸಾವಿರಾರು ಜನ ಬಂದು ತಟ್ಟಿ ಗುಡಿಸಲುಗಳಲ್ಲಿ ನೆಲೆಸಿದರು. ಅವರೊಡನೆ ಅವರ ದೇವರೂ ಹಬ್ಬಗಳೂ ಬಂದವು, ಜಪಸರವೂ ಬಂತು. ಚಾಂಪಿಯನ್ ರೀಫಿನ ವಿಜಯಮಾತೆಯ ದೇವಾಲಯ ಆ ಬಡವರ ವಿಶ್ವಾಸಕ್ಕೆ ಸಾಕ್ಷಿ.

ಕಂಪನಿಗೆ ‘ಲಾಯಲ್’ ಜನ ಬೇಕಾಗಿದ್ದರು. ಆದರೆ ಕಂಪನಿ ತನ್ನ ಜನರನ್ನು ನಂಬಿತೇ? ಚಿನ್ನದ ಕಳವನ್ನು ತಡೆಯಲೆಂದು 1897ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಣಿ ಕಾಯಿದೆ ಬಂತು. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನ ಮೈ ತಡಕಿ ನೋಡುವುದು ನಿತ್ಯದ ನಡವಳಿಕೆಯಾಯಿತು. ಕಳವು ನಡೆಯುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಬ್ಬ ಕದ್ದದ್ದಕ್ಕೆ ನೂರು ಜನ ಪ್ರತಿದಿನ ಕೈ ಎತ್ತಿ ನಿಲ್ಲಬೇಕಾಯಿತು ಎಂಬುದೂ ಸತ್ಯ.

1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ದಾಖಲೆ ಮಾಡಲು ಹೊರಟಾಗ ಗಣಿಗಳಲ್ಲಿ ದೊಡ್ಡ ಮುಷ್ಕರವಾಯಿತು. ಎರಡು ವಾರಕ್ಕೂ ಮೀರಿ ಸಾವಿರಾರು ಜನ ಕೆಲಸಕ್ಕೆ ಇಳಿಯಲಿಲ್ಲ. ಬೆರಳಚ್ಚು ಎಂದರೆ ಪೊಲೀಸರು ಅಪರಾಧಿಗಳಿಂದ ಪಡೆಯುವ ಗುರುತು ಎಂದೇ ಜನ ತಿಳಿದಿದ್ದ ಕಾಲ ಅದು. ‘ಜೀವವನ್ನೇ ಒತ್ತೆಯಿಟ್ಟು ದುಡಿಯುವ ನಮ್ಮನ್ನು ಕಳ್ಳರೆಂದು ಎಣಿಸುತ್ತಾರೆಯೇ?’ ಎಂಬ ನೋವು ಆ ವಿರೋಧದ ಹಿಂದೆ ಇತ್ತು ಎಂದು ಊಹಿಸುವುದು ಕಷ್ಟವಲ್ಲ. ಕಂಪನಿಯ ದೃಷ್ಟಿಯಲ್ಲಿ ಅವರು ಅಂದು ‘ಲಾಯಲ್’ ಆಗಿರಲಿಲ್ಲ. ಆದರೆ ಒಬ್ಬರಿಗೊಬ್ಬರು ‘ಫೇಯ್ತ್‌ಫುಲ್’ ಆಗಿದ್ದರು.

ಜೀವ ಒತ್ತೆಯಿಟ್ಟರು ಎಂಬುದು ಬರಿಯ ಮಾತಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಸೇರಿ ಬರುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಗಣಿಗಳಲ್ಲಿ. 1940ರ ದಶಕದ ಸಮೀಕ್ಷೆಯೊಂದರಲ್ಲಿ ಪರೀಕ್ಷೆಗೆ ಒಳಗಾದವರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂತು. ಉಂಡ ಜೋಳದ ಋಣವನ್ನು ಉಸಿರಿನಲ್ಲೇ ತೀರಿಸಿದ ಜನ ಅವರು.

ಇನ್ನು ಗಣಿಯ ಒಳಗೆ ಹೋಗೋಣ. ಅಲ್ಲಿ ನಡೆದದ್ದು ಬೇರೆಯೇ ನಿಷ್ಠೆ. ಕೇಜಿನಲ್ಲಿ ಕೆಳಗಿಳಿಯುವವನು ಮೇಲೆ ಯಂತ್ರದ ಮನೆಯಲ್ಲಿ ಕುಳಿತವನನ್ನು ನಂಬಲೇಬೇಕು. ಅವನ ಮುಖ ಕಾಣದು, ಗಂಟೆಯ ಸದ್ದೊಂದೇ ಇಬ್ಬರ ನಡುವಿನ ಮಾತು. ಕೊರೆದ ಜಾಗದಲ್ಲಿ ಮರದ ಕಂಬ ನಿಲ್ಲಿಸಿದವನನ್ನು, ಕಗ್ಗಲ್ಲಿನ ಗೋಡೆ ಕಟ್ಟಿದವನನ್ನು ಮುಂದಿನ ಪಾಳಿಯವನು ನಂಬಬೇಕು. ಬಂಡೆ ಸಿಡಿದು ಕುಸಿದಾಗ ಒಳಗೆ ಸಿಕ್ಕಿಬಿದ್ದವರನ್ನು ತರಲು ಮತ್ತೆ ಇಳಿಯುವವರು ಬೇಕು. ಹಾಗೆ ಇಳಿಯುವಾಗ ಯಾರೂ ಅವನ ಜಾತಿ ಯಾವುದು, ಅವನು ಪೂಜೆಗೆ ಹೋಗುತ್ತಾನೋ ಗುಡಿಗೆ ಹೋಗುತ್ತಾನೋ ಎಂದು ಕೇಳಿಕೊಂಡು ಇಳಿಯಲಾರರು. ಜೊತೆಯವನನ್ನು ಬಿಟ್ಟು ಬರಬಾರದು ಎಂಬ ಆ ನಿಷ್ಠೆಯನ್ನು ಯಾವ ಸೇವಾ ಪತ್ರದಲ್ಲೂ ಪೂರ್ತಿ ಬರೆಯಲಾಗದು.

ಆಮೆನ್ ಎಂಬ ಆಸರೆ

ಈಗ ಪವಿತ್ರ ಗ್ರಂಥವನ್ನು ತೆರೆಯೋಣ. ನಾವು ದಿನಕ್ಕೆ ಎಷ್ಟೋ ಸಲ ‘ಆಮೆನ್’ ಎನ್ನುತ್ತೇವೆ. ಹಿಬ್ರೂ ಭಾಷೆಯಲ್ಲಿ ಆ ಪದದ ಧಾತುವಿಗೆ ಗಟ್ಟಿಯಾಗಿ ನಿಲ್ಲು, ಆಧಾರವಾಗು ಎಂಬ ಅರ್ಥವಿದೆ. ನಿಷ್ಠೆ ಎಂಬುದಕ್ಕೆ ಹಿಬ್ರೂವಿನಲ್ಲಿ ಬರುವ ‘ಎಮೂನಾ’ ಅದೇ ಧಾತುವಿನದು. ಆ ಪದ ಬೈಬಲಿನಲ್ಲಿ ಮೊದಲು ಬರುವುದು ಎಲ್ಲಿ ಗೊತ್ತೇ? ವಿಮೋಚನಾಕಾಂಡದ 17ನೆಯ ಅಧ್ಯಾಯದಲ್ಲಿ. ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದ. ಕೈ ಸೋತಾಗ ಆರೋನನೂ ಹೂರನೂ ಎರಡು ಕಡೆ ನಿಂತು ಅವನ ಕೈಗಳನ್ನು ಎತ್ತಿಹಿಡಿದರು. ಹೊತ್ತು ಮುಳುಗುವವರೆಗೂ ಆ ಕೈಗಳು ಅಲುಗದೆ ನಿಂತವು. ಆ ಅಲುಗದಿರುವಿಕೆಯೇ ‘ಎಮೂನಾ’.

ಗಣಿಯಲ್ಲಿ ದುಡಿದವರಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಚಿತ್ರ ಬೇರೆ ಇದೆಯೇ? ಬಂಡೆ ಬೀಳದಂತೆ ತಡೆಯುವ ಕಂಬ ಹೇಗೋ ಹಾಗೆ ಸೋತ ಕೈಗೆ ಆಸರೆಯಾಗುವುದೇ ನಿಷ್ಠೆ. ಬೈಬಲಿನ ದೃಷ್ಟಿಯಲ್ಲಿ ಆ ಆಸರೆ ಮೊದಲು ಬರುವುದು ಮೇಲಿನಿಂದ. ಇಸ್ರಯೇಲರು ಒಡಂಬಡಿಕೆಯನ್ನು ಮತ್ತೆ ಮತ್ತೆ ಮುರಿದರೂ ದೇವರು ಮುರಿಯಲಿಲ್ಲ. ನಾವು ದ್ರೋಹ ಮಾಡಿದರೂ ಅವರು ನಂಬಿಗಸ್ತರಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಮಾತನ್ನು ಸಂತ ಪೌಲರು ತಿಮೊಥೇಯನಿಗೆ ಬರೆಯುತ್ತಾರೆ. ಪೇತ್ರ ಮೂರು ಸಲ ‘ನಾನರಿಯೆ’ ಎಂದಾಗಲೂ ಯೇಸುಸ್ವಾಮಿ ಅವನನ್ನು ಕೈಬಿಡಲಿಲ್ಲ.

ಹಳೇಬೀಡಿನ ಶಾಸನಕ್ಕೂ ಶುಭಸಂದೇಶಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಡೆಯನಿಗಾಗಿ ಆಳು ಸಾಯುವುದು ವೇಳೆವಾಳಿ. ಆಳಿಗಾಗಿ ಒಡೆಯ ಸಾಯುವುದು ಶಿಲುಬೆ. ಆದಕಾರಣ ನಮ್ಮ ಧರ್ಮಸಭೆ ತನ್ನ ಮಕ್ಕಳನ್ನು ‘ವಿಧೇಯರು’ ಎಂದಷ್ಟೇ ಕರೆಯದೆ ‘ವಿಶ್ವಾಸಿಗಳು’ ಎಂದು ಕರೆಯುತ್ತದೆ. ನಂಬಿದವರೂ ನಾವೇ, ನಂಬಿಕೆಗೆ ಪಾತ್ರರಾಗಬೇಕಾದವರೂ ನಾವೇ.

ಸಂತ ಜೋಸೆಫರನ್ನು ನೋಡಿರಿ. ಅವರ ಬಾಯಿಂದ ಬಂದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ. ಮರಿಯಳು ಗರ್ಭಿಣಿ ಎಂದು ತಿಳಿದಾಗ ಕಾನೂನು ಅವರ ಕೈಯಲ್ಲಿತ್ತು. ಕಾನೂನಿನ ಪ್ರಕಾರ ಬಿಟ್ಟುಬಿಡಬಹುದಾಗಿತ್ತು. ದೇವದೂತನ ಮಾತು ಕೇಳಿ ಅವರು ಆಕೆಯನ್ನು ಮನೆಗೆ ಕರೆದುಕೊಂಡರು. ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು, ಮತ್ತೆ ಮರಳಿ ಬಂದು ನಜರೇತಿನಲ್ಲಿ ಮರಗೆಲಸ ಮಾಡಿ ಮನೆ ಸಾಕಿದರು. ಅವರ ಪ್ರಾರ್ಥನಾಮಾಲೆಯಲ್ಲಿ ಧರ್ಮಸಭೆ ಅವರನ್ನು ವಿಧೇಯರೆಂದೂ ಕರೆಯುತ್ತದೆ, ನಿಷ್ಠಾವಂತರೆಂದೂ ಕರೆಯುತ್ತದೆ. ವಿಧೇಯತೆ ಬೇಡವೆಂದಲ್ಲ. ಅದು ಪ್ರೀತಿಯಿಂದ ಹುಟ್ಟಿ ಬರಬೇಕು.

ಗಣಿ ಮುಚ್ಚಿದ ಮೇಲೆ

2001ರ ಫೆಬ್ರವರಿ 28ರಂದು ನಮ್ಮ ಗಣಿಗಳು ಮುಚ್ಚಿದವು. ಕಂಪನಿಯ ಕಾಲ 1956ರಲ್ಲೇ ಮುಗಿದಿತ್ತು. ಮೈಸೂರು ಸರ್ಕಾರ ವಹಿಸಿಕೊಂಡು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಗಿ, ಕೊನೆಗೆ ಎಲ್ಲವೂ ನಿಂತುಹೋಯಿತು. ನಿಯಮದ ಸಂಬಂಧ ನಿಯಮದ ಜೊತೆಗೇ ಮುಗಿಯುತ್ತದೆ. ಹಾಜರಿ ಪುಸ್ತಕ ಮುಚ್ಚಿದ ಮೇಲೆ ‘ಲಾಯಲ್’ ಎಂಬ ಪದಕ್ಕೆ ಕೆಲಸವಿಲ್ಲ.

ಆದರೆ ‘ಫೇಯ್ತ್‌ಫುಲ್’ ಎಂಬ ಪದಕ್ಕೆ ನಿಜವಾದ ಕೆಲಸ ಆರಂಭವಾದದ್ದು ಆ ಮೇಲೆಯೇ. ಸಂಬಳ ನಿಂತ ಮನೆಯಲ್ಲಿ ಗಂಡನನ್ನು ಹಂಗಿಸದೆ ಸಂಸಾರ ತೂಗಿಸಿದ ತಾಯಂದಿರು ನಮ್ಮಲ್ಲಿದ್ದಾರೆ. ಕತ್ತಲಿರುವಾಗಲೇ ಎದ್ದು, ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು, ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುವ ಮಕ್ಕಳಿದ್ದಾರೆ. ಕೆಮ್ಮಿ ಕೆಮ್ಮಿ ನಿದ್ದೆಗೆಟ್ಟ ಅಪ್ಪನ ಬೆನ್ನು ಸವರುತ್ತಾ ಕುಳಿತ ಸೊಸೆಯಂದಿರಿದ್ದಾರೆ. ಅವರಿಗೆ ಸೇವಾ ಪತ್ರ ಬರೆದುಕೊಡುವವರು ಯಾರು?

ಹಬ್ಬದ ಈ ದಿನ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಭಾನುವಾರದ ಪೂಜೆಗೆ ಬರುವುದು ಹಾಜರಿಗಾಗಿಯೋ, ಪ್ರೀತಿಗಾಗಿಯೋ? ಮದುವೆಯ ದಿನ ಪೀಠದ ಮುಂದೆ ಕೊಟ್ಟ ಮಾತನ್ನು ಹೆಂಡತಿಯಿಂದ ಮಾತ್ರ ನಿರೀಕ್ಷಿಸುತ್ತೇವೆಯೋ, ಗಂಡನಿಂದಲೂ ನಿರೀಕ್ಷಿಸುತ್ತೇವೆಯೋ? ನಮ್ಮ ಮನೆಯಲ್ಲಿ, ಅಂಗಡಿಯಲ್ಲಿ ದುಡಿಯುವವರಿಂದ ನಿಯತ್ತು ಕೇಳುವ ನಾವು ಅವರನ್ನು ನಂಬುತ್ತೇವೆಯೋ? ಧರ್ಮಕೇಂದ್ರದ ಗುರುಗಳಾದ ನಮಗೂ ಇದೇ ಪ್ರಶ್ನೆ ಇದೆ. ಜನರಿಂದ ವಿಧೇಯತೆಯನ್ನು ಸುಲಭವಾಗಿ ಕೇಳುತ್ತೇವೆ. ಅವರ ಸೋತ ಕೈಗೆ ಆಸರೆಯಾಗಿ ಹೊತ್ತು ಮುಳುಗುವವರೆಗೆ ನಿಲ್ಲುತ್ತೇವೆಯೋ?

ಕಾಗದ ತಂದಿದ್ದ ಆ ಹಿರಿಯರಿಗೆ ಈಗ ಹೀಗೆ ಹೇಳುತ್ತೇನೆ: “ಅಯ್ಯಾ, ದೊರೆ ಒಂದೇ ಮಾತನ್ನು ಎರಡು ಸಲ ಬರೆಯಲಿಲ್ಲ. ನಿಮ್ಮ ತಂದೆ ನಿಯಮ ಮೀರಲಿಲ್ಲ ಎಂದು ಒಂದು ಪದ ಹೇಳುತ್ತದೆ. ನಂಬಿದವರನ್ನು ಕೈಬಿಡಲಿಲ್ಲ ಎಂದು ಇನ್ನೊಂದು ಹೇಳುತ್ತದೆ. ಮೊದಲನೆಯದನ್ನು ದೊರೆ ಕಣ್ಣಾರೆ ನೋಡಿ ಬರೆದಿರಬಹುದು. ಎರಡನೆಯದನ್ನು ಪೂರ್ತಿಯಾಗಿ ಬಲ್ಲವರು ನಿಮ್ಮ ತಂದೆಯ ಜೊತೆ ಕೇಜಿನಲ್ಲಿ ಇಳಿದವರು, ನಿಮ್ಮ ತಾಯಿ, ಮತ್ತು ದೇವರು.”

ಕಾರ್ಮಿಕರ ಪಾಲಕರಾದ ಸಂತ ಜೋಸೆಫರು ನಮಗಾಗಿ ಬೇಡಿಕೊಳ್ಳಲಿ. ನಮ್ಮ ಪ್ರತಿಯೊಂದು ‘ಆಮೆನ್’ ಇನ್ನೊಬ್ಬರಿಗೆ ಆಸರೆಯ ಕಂಬವಾಗಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.